ಆಸ್ಕರ್ ರಾತ್ರಿಗಿಂತ ದೊಡ್ಡದು ಆ ಮನೆ ಕೇಸು: ಹ್ಯಾಟಿ ಮ್ಯಾಕ್‌ಡ್ಯಾನಿಯಲ್ ಕಾದಂಬರಿ ಎತ್ತೋ ಪ್ರಶ್ನೆಗಳು

ಹ್ಯಾಟಿ ಮ್ಯಾಕ್‌ಡ್ಯಾನಿಯಲ್ ಅಂದ ಕೂಡ್ಲೇ ಹಳೇ ಸಿನಿಮಾ ನೋಡೋರಿಗೆ ನೆನಪಾಗೋದು ಒಂದೇ ಮಾತು, ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಅಂತ. ಕ್ವಿಜ್‌ನಲ್ಲಿ ಕೇಳ್ತಾರೆ, ಉತ್ತರ ಹೇಳ್ತೀವಿ, ಮುಂದಿನ ಪ್ರಶ್ನೆಗೆ ಹೋಗ್ತೀವಿ. 2024ರಲ್ಲಿ ರೆಶಾಂಡಾ ಟೇಟ್ ಅನ್ನೋ ಅಮೆರಿಕದ ಲೇಖಕಿ ಆಕೆಯ ಬದುಕಿನ ಮೇಲೆ ಒಂದು ಕಾದಂಬರಿ ತಂದ್ರು, ಹೆಸರು 'ದ ಕ್ವೀನ್ ಆಫ್ ಶುಗರ್ ಹಿಲ್'. ಹೆಸರಲ್ಲೇ ಗಮನಿಸಿ, ಸಿನಿಮಾ ಸುದ್ದಿ ಇಲ್ಲ, ಪ್ರಶಸ್ತಿ ಸುದ್ದಿ ಇಲ್ಲ, ಇರೋದು ಲಾಸ್ ಏಂಜಲೀಸ್‌ನ ಒಂದು ಬಡಾವಣೆ. ಈ ಆಯ್ಕೆ ತುಂಬಾ ಸರಿಯಾಗಿದೆ ಅಂತ ನಂಗನ್ಸುತ್ತೆ, ಯಾಕಂದ್ರೆ ಹ್ಯಾಟಿಯ ಅತಿ ದೊಡ್ಡ ಹೋರಾಟ ನಡೆದಿದ್ದು ಆ ಬಡಾವಣೆಯ ಕ್ರಯಪತ್ರಗಳ ಮೇಲೆ, ಕೋರ್ಟಿನೊಳಗೆ, ಅದನ್ನ ಸಿನಿಮಾ ಇತಿಹಾಸ ಬರೆಯೋರು ಎರಡು ಸಾಲಲ್ಲಿ ಮುಗಿಸಿಬಿಡ್ತಾರೆ.

ಆಸ್ಕರ್ ರಾತ್ರಿಯಿಂದ್ಲೇ ಶುರು ಮಾಡೋಣ, ಕಾದಂಬರಿ ಸಹ ಅಲ್ಲಿಂದ್ಲೇ ಕಥೆ ಎತ್ಕೊಳ್ಳುತ್ತೆ. 1940ರ ಫೆಬ್ರವರಿ 29, ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನ ಕೋಕೊನಟ್ ಗ್ರೋವ್ ಹಾಲು. ಆ ಹೋಟೆಲಿಗೆ ಕಪ್ಪು ಜನರನ್ನ ಅತಿಥಿಗಳಾಗಿ ಬಿಡ್ತಿರಲಿಲ್ಲ, 'ಗಾನ್ ವಿತ್ ದ ವಿಂಡ್' ಚಿತ್ರದ ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ವಿಶೇಷವಾಗಿ ಕೇಳ್ಕೊಂಡಿದ್ದಕ್ಕೆ ಹ್ಯಾಟಿಗೆ ಒಳಗೆ ಬರೋಕೆ ಅವಕಾಶ ಸಿಕ್ತು. ಹಾಗಂತ ಚಿತ್ರತಂಡದ ಜೊತೆ ಕೂರಿಸಲಿಲ್ಲ. ವಿವಿಯನ್ ಲೀ, ಒಲಿವಿಯಾ ಡಿ ಹ್ಯಾವಿಲೆಂಡ್ ಎಲ್ಲ ಒಂದು ಮೇಜು, ಹ್ಯಾಟಿಗೆ ಗೋಡೆ ಪಕ್ಕ ಒಂದು ಪುಟ್ಟ ಮೇಜು, ಜೊತೆಗೆ ಆಕೆಯ ಸಂಗಾತಿ, ಆಕೆಯ ಏಜೆಂಟ್, ಇಷ್ಟೇ ಜನ. ಹೆಸರು ಕೂಗಿದಾಗ ಅಷ್ಟು ದೂರದಿಂದ ನಡ್ಕೊಂಡು ಬಂದು, ನನ್ನ ಜನಾಂಗಕ್ಕೂ ಚಿತ್ರರಂಗಕ್ಕೂ ಯಾವತ್ತೂ ಹೆಮ್ಮೆ ತರೋಳಾಗಿರಲಿ ಅಂತ ಹಾರೈಸ್ತೀನಿ ಅನ್ನೋ ಅರ್ಥದಲ್ಲಿ ಮಾತಾಡಿ ಅತ್ತುಬಿಟ್ಲು. ಕೈಗೆ ಸಿಕ್ಕಿದ್ದು ಪ್ರತಿಮೆ ಅಲ್ಲ, ಅಂಗೈಗಿಂತ ಸ್ವಲ್ಪ ದೊಡ್ಡ ಫಲಕ, ಆಗೆಲ್ಲ ಪೋಷಕ ಪಾತ್ರದವರಿಗೆ ಕೊಡ್ತಿದ್ದಿದ್ದೇ ಅದು. ಇನ್ನೊಬ್ಬ ಕಪ್ಪು ನಟಿಗೆ ಆಸ್ಕರ್ ಬರೋಕೆ 1991ರವರೆಗೆ ಕಾಯ್ಬೇಕಾಯ್ತು, ಊಪಿ ಗೋಲ್ಡ್‌ಬರ್ಗ್ ಗೆಲ್ಲೋವರೆಗೆ, ಅಂದ್ರೆ ಐವತ್ತೊಂದು ವರ್ಷ.

ಇದಕ್ಕೂ ಎರಡೂವರೆ ತಿಂಗಳು ಮುಂಚೆ, 1939ರ ಡಿಸೆಂಬರ್ 15ಕ್ಕೆ, ಅಟ್ಲಾಂಟಾದಲ್ಲಿ ಚಿತ್ರದ ಮೊದಲ ಪ್ರದರ್ಶನ ಆಯ್ತಲ್ಲ, ಅಲ್ಲಿಗೆ ಹ್ಯಾಟಿ ಹೋಗೋ ಹಾಗೇ ಇರಲಿಲ್ಲ, ಕಪ್ಪು ಜನರನ್ನ ಬಿಳಿಯರಿಂದ ಬೇರೆ ಇಡೋ ಜಾರ್ಜಿಯಾ ರಾಜ್ಯದ ಕಾನೂನು ಅಡ್ಡ. ನಾಯಕ ಕ್ಲಾರ್ಕ್ ಗೇಬಲ್ ಹಾಗಾದ್ರೆ ನಾನೂ ಬರಲ್ಲ ಅಂತ ಹಠ ಹಿಡಿದ, ಹ್ಯಾಟಿಯೇ ಸಮಾಧಾನ ಮಾಡಿ ಕಳಿಸಿದ್ಲು ಅಂತ ಒಂದು ಕಥೆ ಇದೆ, ಎಲ್ಲರೂ ಹೇಳೋ ಕಥೆ, ಕೇಳೋಕೂ ಚೆನ್ನಾಗಿದೆ. ನಂಗೆ ಇದ್ರಲ್ಲಿ ಸ್ವಲ್ಪ ಬೇಜಾರು ಇದೆ. ಅವಮಾನ ಆಗಿದ್ದು ಆಕೆಗೆ, ಕಥೆ ಮುಗಿಯೋವಾಗ ದೊಡ್ಡತನ ಮಾತ್ರ ಗೇಬಲ್ ಪಾಲಿಗೆ. ಹ್ಯಾಟಿ ಬಗ್ಗೆ ಬರೆಯೋ ಯಾರೇ ಆದ್ರೂ ಈ ಜಾಗದಲ್ಲಿ ಎಚ್ಚರ ವಹಿಸ್ಬೇಕು.

ಆಕೆ ಎಲ್ಲಿಂದ ಬಂದೋಳು ಅಂತ ಗೊತ್ತಾದ್ರೆ ಆಮೇಲಿನದ್ದು ಸುಲಭವಾಗಿ ಅರ್ಥ ಆಗುತ್ತೆ. ಹುಟ್ಟಿದ್ದು 1893ರಲ್ಲಿ, ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ, ಹದಿಮೂರು ಮಕ್ಕಳಲ್ಲಿ ಕೊನೇದು. ಅಪ್ಪ ಹೆನ್ರಿ ಗುಲಾಮಗಿರಿಯಲ್ಲಿ ಹುಟ್ಟಿ, ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದ ಕಪ್ಪು ಪಡೆಯಲ್ಲಿ ಹೋರಾಡಿ, ಗಾಯ ಮಾಡ್ಕೊಂಡು ಬಂದು, ಆಮೇಲೆ ಪಿಂಚಣಿಗೋಸ್ಕರ ಸರ್ಕಾರದ ಬಾಗಿಲು ವರ್ಷಗಟ್ಟಲೆ ತಟ್ಟಿದವ್ರು. ಅಮ್ಮ ಸೂಸನ್ ಚರ್ಚಿನಲ್ಲಿ ಹಾಡೋರು. ಸಂಸಾರ ಡೆನ್ವರ್‌ಗೆ ಬಂತು, ಅಣ್ಣ ಅಕ್ಕಂದಿರ ಜೊತೆ ಹ್ಯಾಟಿ ಟೆಂಟ್ ಶೋಗಳಲ್ಲಿ ಹಾಡ್ತಾ, ಹಾಸ್ಯ ಮಾಡ್ತಾ ಬೆಳೆದ್ಲು, ತಾನೇ ಬ್ಲೂಸ್ ಹಾಡು ಬರೆದು 1920ರ ದಶಕದಲ್ಲಿ ರೆಕಾರ್ಡ್ ಸಹ ಮಾಡಿದ್ಲು, ಡೆನ್ವರ್ ರೇಡಿಯೋದಲ್ಲಿ ಹಾಡಿದ್ಲು. 1929ರಲ್ಲಿ ಷೇರು ಮಾರ್ಕೆಟ್ ಬಿದ್ದಾಗ ಆಕೆ ಇದ್ದ ನಾಟಕದ ತಂಡದ ಕೆಲಸ ಹೋಯ್ತು, ಮಿಲ್ವಾಕಿ ಊರಿನ ಒಂದು ಕ್ಲಬ್ಬಿನಲ್ಲಿ ಹೆಂಗಸರ ಶೌಚಾಲಯ ನೋಡ್ಕೊಳ್ಳೋ ಕೆಲಸಕ್ಕೆ ಸೇರಿದ್ಲು. ಅಲ್ಲಿ ವೇದಿಕೆ ಮೇಲೆ ಹತ್ತೋದು ಬಿಳಿಯರು ಮಾತ್ರ. ಹೇಗೋ ಒಂದು ರಾತ್ರಿ ಹಾಡೋ ಅವಕಾಶ ಸಿಕ್ಕಿ, ಕೇಳಿದ ಜನ ಬಿಡಲಿಲ್ಲ, ಅಲ್ಲೇ ಗಾಯಕಿ ಆದ್ಲು. 1931ಕ್ಕೆ ಲಾಸ್ ಏಂಜಲೀಸ್, ಅಲ್ಲೂ ಸಿನಿಮಾ ಸಿಗದ ದಿನಗಳಲ್ಲಿ ಬೇರೆಯವ್ರ ಮನೆಗೆಲಸ, ಅಡುಗೆ. ಪರದೆ ಮೇಲೆ ಆಯಾ ಪಾತ್ರ ಮಾಡೋಕೆ ಮುಂಚೆ ನಿಜವಾಗ್ಲೂ ಆ ಕೆಲಸ ಮಾಡಿ ಹೊಟ್ಟೆ ಹೊರೆದಿದ್ದೋಳು ಆಕೆ.

ಈಗ ದೊಡ್ಡ ಜಗಳಕ್ಕೆ ಬರೋಣ. 'ಗಾನ್ ವಿತ್ ದ ವಿಂಡ್'ನಲ್ಲಿ ಆಕೆ ಮಾಡಿದ್ದು ಮ್ಯಾಮಿ ಅನ್ನೋ ಪಾತ್ರ, ದಕ್ಷಿಣದ ಬಿಳಿ ಜಮೀನ್ದಾರರ ಮನೆಯ ಗುಲಾಮ ಹೆಂಗಸು, ಯಜಮಾನರ ಮಗಳನ್ನ ಗದರಿಸ್ಕೊಂಡು, ಪ್ರೀತಿ ಮಾಡ್ಕೊಂಡು, ಯುದ್ಧ ಮುಗಿದು ಸ್ವಾತಂತ್ರ್ಯ ಬಂದ್ಮೇಲೂ ಅದೇ ಮನೆಗೆ ನಿಷ್ಠೆಯಾಗಿರೋಳು. ಗುಲಾಮಗಿರಿ ಅಂದ್ರೆ ಒಂದು ದೊಡ್ಡ ಕೂಡುಕುಟುಂಬ, ಎಲ್ಲರೂ ಸುಖವಾಗಿದ್ರು ಅಂತ ತೋರಿಸೋ ಚಿತ್ರದಲ್ಲಿ ಆ ನಿಷ್ಠೆಯೇ ಆಧಾರಸ್ತಂಭ. ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ, ಕಪ್ಪು ಜನರ ಪತ್ರಿಕೆಗಳು ಇದನ್ನ ವಿರೋಧಿಸಿದ್ದು ಸುಮ್ಸುಮ್ನೆ ಅಲ್ಲ. ಅವರ ಒತ್ತಡ ಇಲ್ದೇ ಇದ್ದಿದ್ರೆ ಕಪ್ಪು ಜನರನ್ನ ಹೀಯಾಳಿಸೋ ಆ ಕೆಟ್ಟ ಪದ ಚಿತ್ರದ ಸಂಭಾಷಣೆಯಲ್ಲಿ ಉಳ್ಕೊಳ್ತಿತ್ತು. ಎನ್‌ಎಎಸಿಪಿ ಮುಖ್ಯಸ್ಥ ವಾಲ್ಟರ್ ವೈಟ್ 1942ರಲ್ಲಿ, ಎರಡು ವರ್ಷದ ಹಿಂದೆ ರೂಸ್‌ವೆಲ್ಟ್ ವಿರುದ್ಧ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ವೆಂಡೆಲ್ ವಿಲ್ಕಿಯನ್ನ ಜೊತೆಗೆ ಕರ್ಕೊಂಡು ಹಾಲಿವುಡ್‌ಗೆ ಬಂದು, ಸ್ಟುಡಿಯೋ ಮಾಲೀಕರ ಮುಂದೆ ಕೂತು, ಕಪ್ಪು ಜನರನ್ನ ಬರೀ ಆಳುಗಳಾಗಿ, ಕೋಡಂಗಿಗಳಾಗಿ ತೋರಿಸೋದು ನಿಲ್ಲಿಸಿ ಅಂದ. ಯುದ್ಧದ ಕಾಲ, ಹಿಟ್ಲರನ ಜನಾಂಗವಾದದ ವಿರುದ್ಧ ಹೋರಾಡ್ತಿರೋ ದೇಶ ತನ್ನ ಪರದೆ ಮೇಲೆ ಅದನ್ನೇ ತೋರಿಸೋದಾ ಅಂತ. ಗಟ್ಟಿಯಾದ ವಾದ.

ಹ್ಯಾಟಿಗೆ ಕೋಪ ಬಂದಿದ್ದು ಎಲ್ಲಿ ಅಂದ್ರೆ, ಆ ಮೇಜಿನ ಸುತ್ತ ನಡೆದ ಮಾತಿಗೆ ಹಾಲಿವುಡ್‌ನಲ್ಲಿ ಹತ್ತು ವರ್ಷದಿಂದ ದುಡೀತಿದ್ದ ಕಪ್ಪು ಕಲಾವಿದರನ್ನ ಸರಿಯಾಗಿ ಕರೀಲಿಲ್ಲ, ಕೇಳಲಿಲ್ಲ. ಆಯಾ ಪಾತ್ರ ಬೇಡ ಅಂದ್ರೆ ಸ್ಟುಡಿಯೋದವ್ರು ಡಾಕ್ಟರ್ ಪಾತ್ರ ಬರೀತಾರಾ, ಇಲ್ಲ, ಪಾತ್ರವನ್ನೇ ಕಿತ್ತು ಹಾಕ್ತಾರೆ, ಕೆಲಸ ಹೋಗೋದು ನಮ್ದು ಅನ್ನೋ ಭಯ, ಅದೂ ಸುಳ್ಳಲ್ಲ. ಜೊತೆಗೆ ಮೈಬಣ್ಣದ ಒಳಜಗಳ ಬೇರೆ. ವಾಲ್ಟರ್ ವೈಟ್‌ಗೆ ನೀಲಿ ಕಣ್ಣು, ತಿಳಿ ಕೂದಲು, ನೋಡಿದ್ರೆ ಬಿಳಿಯ ಅಂತಾನೇ ಅನ್ಸೋದು. ಅವ್ನು ಮುಂದೆ ತಂದ ಹೊಸ ಮಾದರಿ ಗಾಯಕಿ, ನಟಿ ಲೀನಾ ಹಾರ್ನ್, ಆಕೆಯದೂ ತೆಳು ಬಣ್ಣ. ಕಡುಕಪ್ಪು, ದಪ್ಪ ಮೈಯ, ಐವತ್ತರ ಹತ್ತಿರ ಇದ್ದ ಹ್ಯಾಟಿಗೆ ಇದು ಹೇಗೆ ಕಂಡಿರ್ಬಹುದು ಯೋಚ್ನೆ ಮಾಡಿ. ಇಷ್ಟೆಲ್ಲ ಇದ್ರೂ ಹಾಲಿವುಡ್‌ಗೆ ಹೊಸದಾಗಿ ಬಂದು ಒಂಟಿಯಾಗಿದ್ದ ಲೀನಾಳನ್ನ ಹ್ಯಾಟಿ ಮನೆಗೆ ಕರೆಸ್ಕೊಂಡು, ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ ಅನ್ನೋ ಹಾಗೆ ಧೈರ್ಯ ತುಂಬಿ ಕಳಿಸಿದ್ಲು, ಆಕೆ ಎಷ್ಟು ಒಳ್ಳೆಯೋಳು ಅಂತ ಲೀನಾ ಎಷ್ಟೋ ವರ್ಷ ಆದ್ಮೇಲೂ ನೆನೆಸ್ಕೊಂಡಿದ್ದಾಳೆ. ಒಬ್ಬ ಕಾದಂಬರಿಕಾರರಿಗೆ ಇದಕ್ಕಿಂತ ಒಳ್ಳೆ ದೃಶ್ಯ ಬೇಕಾ?

ಈ ಜಗಳದಲ್ಲಿ ಯಾರು ಸರಿ ಅಂತ ತೀರ್ಪು ಕೊಡೋ ಕಾದಂಬರಿ ಸೋತ ಹಾಗೆ ಅಂತ ನಾನಂತೂ ನಂಬ್ತೀನಿ. ಹ್ಯಾಟಿಯನ್ನ ದೇವತೆ ಮಾಡಿದ್ರೆ ವಾಲ್ಟರ್ ವೈಟ್ ವಿಲನ್ ಆಗ್ತಾನೆ. ದಕ್ಷಿಣದಲ್ಲಿ ಕಪ್ಪು ಜನರನ್ನ ಗುಂಪು ಕಟ್ಕೊಂಡು ಕೊಲ್ತಿದ್ದಾಗ ಬಿಳಿಯನ ಹಾಗೆ ನಟಿಸಿ ಆ ಊರುಗಳಿಗೇ ಹೋಗಿ, ಸಿಕ್ಕಿಬಿದ್ರೆ ಸಾವೇ ಅಂತ ಗೊತ್ತಿದ್ದೂ ತನಿಖೆ ಮಾಡಿ ಬಂದ ಮನುಷ್ಯ ಅವ್ನು, ಅಂಥವನನ್ನ ವಿಲನ್ ಮಾಡೋದು ಇತಿಹಾಸಕ್ಕೆ ಮಾಡೋ ಮೋಸ. ಹ್ಯಾಟಿಯನ್ನ ಬಿಳಿಯರ ಕೈಗೊಂಬೆ ಅನ್ನೋದೂ ಅಷ್ಟೇ ದೊಡ್ಡ ಮೋಸ. ಇಬ್ಬರೂ ಒಂದೇ ಗೋಡೆಯನ್ನ ಬೇರೆ ಬೇರೆ ಕಡೆಯಿಂದ ಒಡೀತಿದ್ರು, ನಡುವೆ ಒಬ್ಬರಿಗೊಬ್ಬರ ದನಿ ಕೇಳಿಸ್ತಿರಲಿಲ್ಲ.

ಈಗ ಶುಗರ್ ಹಿಲ್. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು.

ಲಾಸ್ ಏಂಜಲೀಸ್‌ನ ವೆಸ್ಟ್ ಆ್ಯಡಮ್ಸ್ ಹೈಟ್ಸ್ ಅನ್ನೋದು 20ನೇ ಶತಮಾನದ ಆರಂಭದಲ್ಲಿ ಶ್ರೀಮಂತ ಬಿಳಿಯರಿಗೆ ಅಂತ ಕಟ್ಟಿದ ಬಡಾವಣೆ. ಅಲ್ಲಿನ ಸೈಟುಗಳ ಕ್ರಯಪತ್ರದಲ್ಲಿ ಒಂದು ಷರತ್ತು ಬರೆದಿರ್ತಿದ್ರು, ಈ ಆಸ್ತಿಯನ್ನ ಬಿಳಿಯರಲ್ಲದವರಿಗೆ ಮಾರೋ ಹಾಗಿಲ್ಲ, ಅವ್ರು ವಾಸ ಮಾಡೋ ಹಾಗೂ ಇಲ್ಲ ಅಂತ. ಇಂಥ ಷರತ್ತು ಮುಂದೆ ಯಾಕೆ ಜಾಸ್ತಿ ಆಯ್ತು ಅಂದ್ರೆ, 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು, ನಗರಸಭೆಗಳು ಕಾನೂನು ಮಾಡಿ ಈ ಬೀದಿ ಬಿಳಿಯರಿಗೆ, ಆ ಬೀದಿ ಕಪ್ಪು ಜನಕ್ಕೆ ಅಂತ ಹಂಚೋ ಹಾಗಿಲ್ಲ ಅಂತ. ಸರಿ, ಸರ್ಕಾರ ಮಾಡ್ಬಾರ್ದು ತಾನೇ, ನಾವು ನಾವೇ ಖಾಸಗಿ ಒಪ್ಪಂದ ಮಾಡ್ಕೊಳ್ತೀವಿ ಅಂತ ಮನೆ ಮಾಲೀಕರು ಹೊರಟ್ರು, 1926ರಲ್ಲಿ ಅದೇ ಸುಪ್ರೀಂ ಕೋರ್ಟ್ ಈ ಖಾಸಗಿ ಒಪ್ಪಂದಗಳ ತಂಟೆಗೆ ಹೋಗಲಿಲ್ಲ. ಅಲ್ಲಿಂದಾಚೆಗೆ ಈ ಷರತ್ತು ದೇಶದ ತುಂಬ ಹಬ್ಬಿತು. ಯಾರಾದ್ರೂ ಮುರಿದ್ರೆ ನೆರೆಮನೆಯವ್ರು ಕೇಸ್ ಹಾಕೋದು, ಕೋರ್ಟ್ ತಡೆಯಾಜ್ಞೆ ಕೊಡೋದು, ದುಡ್ಡು ಕೊಟ್ಟು ಕೊಂಡ ಮನೆಯಿಂದ ಕಪ್ಪು ಕುಟುಂಬ ಹೊರಗೆ.

1930ರ ದಶಕದ ಆರ್ಥಿಕ ಕುಸಿತದಲ್ಲಿ ವೆಸ್ಟ್ ಆ್ಯಡಮ್ಸ್‌ನ ಕೆಲವು ಬಿಳಿ ಮಾಲೀಕರಿಗೆ ಆ ದೊಡ್ಡ ಮನೆಗಳನ್ನ ಸಾಕೋದು ಕಷ್ಟ ಆಯ್ತು, ಒಳ್ಳೇ ಬೆಲೆ ಕೊಡ್ತೀವಿ ಅಂತ ಬಂದ ಕಪ್ಪು ಶ್ರೀಮಂತರಿಗೆ ಷರತ್ತು ಮೀರಿ ಮಾರಿದ್ರು. ಗೋಲ್ಡನ್ ಸ್ಟೇಟ್ ಮ್ಯೂಚುವಲ್ ವಿಮಾ ಕಂಪನಿಯ ನಾರ್ಮನ್ ಹ್ಯೂಸ್ಟನ್ ಮೊದಲಿಗರಲ್ಲೊಬ್ರು, ಆಮೇಲೆ ನಟಿ ಲೂಯಿಸ್ ಬೀವರ್ಸ್, ಗಾಯಕಿ ಎಥೆಲ್ ವಾಟರ್ಸ್. ಹ್ಯಾಟಿ ಹಾರ್ವರ್ಡ್ ಬುಲೆವಾರ್ಡ್‌ನಲ್ಲಿ ದೊಡ್ಡ ಮನೆ ಕೊಂಡಿದ್ದು ಆಸ್ಕರ್ ಬಂದ ಎರಡು ವರ್ಷಕ್ಕೆ. ಬಡಾವಣೆಗೆ ಶುಗರ್ ಹಿಲ್ ಅಂತ ಹೆಸರು ಬಂದಿದ್ದೇ ಇವರಿಂದ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಇರೋ ಸಿರಿವಂತ ಕಪ್ಪು ಬಡಾವಣೆಯ ಹೆಸರದು. ಆ ಮನೇಲಿ ಹ್ಯಾಟಿ ಕೊಡ್ತಿದ್ದ ಪಾರ್ಟಿಗಳು ಹಾಲಿವುಡ್ ತುಂಬ ಹೆಸರುವಾಸಿ, ಗೇಬಲ್ ಸಹ ಬರ್ತಿದ್ದ.

ಕೆಲವು ಬಿಳಿ ನೆರೆಹೊರೆಯವ್ರು ಕೇಸ್ ಹಾಕಿದ್ರು, ಇವರನ್ನೆಲ್ಲ ಮನೆಯಿಂದ ಎಬ್ಬಿಸಿ ಅಂತ. ಹ್ಯಾಟಿ ಸುಮ್ನೆ ಲಾಯರ್ ಫೀಸ್ ಕೊಟ್ಟು ಕೂರಲಿಲ್ಲ, ಶನಿವಾರ ಶನಿವಾರ ತನ್ನ ಮನೇಲಿ ನೆರೆಯವರನ್ನ ಸೇರಿಸಿ ಕೇಸಿನ ಸಿದ್ಧತೆ ಮಾಡ್ಸಿದ್ಲು, ವಿಚಾರಣೆ ದಿನ ಬೆಂಬಲಿಗರ ಗುಂಪನ್ನೇ ಕರ್ಕೊಂಡು ಕೋರ್ಟಿಗೆ ಬಂದ್ಲು. ಅವರ ಲಾಯರ್ ಲೊರೆನ್ ಮಿಲ್ಲರ್ ಹಿಡಿದ ವಾದ ಕೇಳೋಕೆ ಸರಳ, ಆದ್ರೆ ಅದೇ ಮುಂದೆ ದೇಶದ ಕಾನೂನನ್ನ ತಿರುಗಿಸಿದ್ದು. ಒಪ್ಪಂದ ಖಾಸಗಿ ಇರ್ಬಹುದು, ಆದ್ರೆ ಅದನ್ನ ಜಾರಿ ಮಾಡೋದು ಯಾರು? ಕೋರ್ಟು. ಕೋರ್ಟು ಅಂದ್ರೆ ಸರ್ಕಾರದ ಅಂಗ. ಸಂವಿಧಾನದ 14ನೇ ತಿದ್ದುಪಡಿ ಪ್ರಕಾರ ಸರ್ಕಾರ ಯಾರಿಗೂ ಕಾನೂನಿನ ಸಮಾನ ರಕ್ಷಣೆ ನಿರಾಕರಿಸೋ ಹಾಗಿಲ್ಲ, ಹಾಗಿದ್ಮೇಲೆ ಜಡ್ಜ್ ಈ ಷರತ್ತನ್ನ ಜಾರಿ ಮಾಡೋದೇ ಸಂವಿಧಾನ ವಿರೋಧಿ. 1945ರ ಡಿಸೆಂಬರ್‌ನಲ್ಲಿ ಜಡ್ಜ್ ಥರ್ಮಂಡ್ ಕ್ಲಾರ್ಕ್ ವಾದ ಕೇಳಿ, ಆ ಬಡಾವಣೆಗೆ ತಾನೇ ಹೋಗಿ ಮನೆಗಳನ್ನ ನೋಡ್ಕೊಂಡು ಬಂದು, ಮಾರನೇ ದಿನ ಕೇಸ್ ವಜಾ ಮಾಡಿದ್ರು. ಕಪ್ಪು ಜನರಿಗೆ 14ನೇ ತಿದ್ದುಪಡಿಯ ಪೂರ್ತಿ ಹಕ್ಕನ್ನ ಯಾವ ನೆಪವೂ ಇಲ್ದೆ ಕೊಡೋ ಕಾಲ ಬಂದಿದೆ, ಜಡ್ಜ್‌ಗಳು ಇದನ್ನ ತಪ್ಪಿಸ್ಕೊಂಡು ಓಡಾಡಿದ್ದು ಸಾಕು ಅಂತ ತೀರ್ಪಿನ ಸಾರ.

ಸುಮಾರು ಎರಡೂವರೆ ವರ್ಷ ಆದ್ಮೇಲೆ, 1948ರ ಮೇ ತಿಂಗಳಲ್ಲಿ, ಶೆಲ್ಲಿ ವರ್ಸಸ್ ಕ್ರೇಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ತರ್ಕ ಒಪ್ಕೊಂಡು ಇಡೀ ದೇಶದಲ್ಲಿ ಇಂಥ ಷರತ್ತುಗಳನ್ನ ಕೋರ್ಟುಗಳು ಜಾರಿ ಮಾಡೋ ಹಾಗಿಲ್ಲ ಅಂದಿತು. ಅದ್ರ ಜೊತೆಗೇ ವಿಚಾರಣೆಗೆ ಬಂದ ಡೆಟ್ರಾಯ್ಟ್ ಕೇಸಿನಲ್ಲಿ ವಾದ ಮಾಡಿದೋರು ಎನ್‌ಎಎಸಿಪಿಯ ಲಾಯರ್ ಥರ್ಗುಡ್ ಮಾರ್ಷಲ್, ಅವರ ಪಕ್ಕದಲ್ಲಿ ನಿಂತೋರು ಅದೇ ಲೊರೆನ್ ಮಿಲ್ಲರ್. ಪರದೆ ಮೇಲೆ ಯಜಮಾನಿಯ ಬಟ್ಟೆಯ ದಾರ ಬಿಗಿದ ಹೆಂಗಸು ನಿಜಜೀವನದಲ್ಲಿ, ಈ ಮನೆ ನಂದು, ಬಿಟ್ಟು ಹೋಗಲ್ಲ ಅಂತ ನಿಂತಿದ್ದಕ್ಕೆ ಲಕ್ಷಾಂತರ ಕುಟುಂಬಗಳಿಗೆ ಬಾಗಿಲು ತೆರೆಯೋ ವಾದ ಮೊದಲು ಗೆದ್ದ ಜಾಗಗಳಲ್ಲಿ ಶುಗರ್ ಹಿಲ್ ಒಂದಾಯ್ತು. ಆಕೆಯನ್ನ ಹೋರಾಟಗಾರ್ತಿ ಅಂತ ಕರೆಯೋಕೆ ಹಿಂದೆ ಮುಂದೆ ನೋಡೋರಿಗೆ ನಾನು ತೋರಿಸೋದು ಈ ಕೇಸನ್ನೇ.

ರೇಡಿಯೋ ವಿಷಯಾನೂ ಒಂದಿಷ್ಟು ಹೇಳ್ಬೇಕು. 1947ರಲ್ಲಿ ಆಕೆಗೆ 'ಬ್ಯೂಲಾ' ಅನ್ನೋ ರೇಡಿಯೋ ಶೋ ಸಿಕ್ತು, ಮತ್ತೆ ಮನೆಗೆಲಸದವಳ ಪಾತ್ರವೇ. ಅಲ್ಲಿಯವರೆಗೆ ಆ ಕಪ್ಪು ಹೆಂಗಸಿನ ಪಾತ್ರಕ್ಕೆ ದನಿ ಕೊಡ್ತಿದ್ದೋರು ಬಿಳಿ ಗಂಡಸರು, ಮೊದಲು ಮಾರ್ಲಿನ್ ಹರ್ಟ್, ಆಮೇಲೆ ಬಾಬ್ ಕಾರ್ಲಿ! ಹ್ಯಾಟಿ ಬಂದಾಗ ಹಾಕಿದ ಷರತ್ತು, ಒಡೆದ ಇಂಗ್ಲಿಷ್‌ನಲ್ಲಿ ಮಾತಾಡಲ್ಲ, ಸ್ಕ್ರಿಪ್ಟ್ ಸರಿ ಇಲ್ದಿದ್ರೆ ಬದಲಾಯಿಸೋ ಹಕ್ಕು ಬೇಕು ಅಂತ. ಒಂದು ರಾಷ್ಟ್ರೀಯ ರೇಡಿಯೋ ಶೋಗೆ ಮುಖ್ಯ ಪಾತ್ರಧಾರಿ ಆದ ಮೊದಲ ಕಪ್ಪು ಮಹಿಳೆ ಆಕೆ. ಅದೇ ವರ್ಷ ಹಾಲಿವುಡ್ ರಿಪೋರ್ಟರ್ ಪತ್ರಿಕೆಗೆ ಬರೆದ ಲೇಖನದಲ್ಲಿ, ನಾನು ಮಾಡಿದ ಪಾತ್ರಗಳಿಗೆ ಯಾವತ್ತೂ ಕ್ಷಮೆ ಕೇಳಿಲ್ಲ, ಎಷ್ಟೋ ಸಲ ನಿರ್ದೇಶಕರ ಹತ್ರ ಮಾತಾಡಿ ಆ ಭಾಷೆ ತೆಗೆಸಿದ್ದೀನಿ ಅಂತ ನೇರವಾಗಿ ಹೇಳ್ಕೊಂಡಿದ್ದಾಳೆ.

ಇಷ್ಟು ದಾಖಲೆ ಇದ್ಮೇಲೆ ಕಾದಂಬರಿ ಯಾಕೆ, ಜೀವನಚರಿತ್ರೆ ಸಾಲ್ದಾ ಅಂತ ಕೇಳ್ಬಹುದು. ಕೋರ್ಟ್ ಕಾಗದ, ಸ್ಟುಡಿಯೋ ಕರಾರು, ಪತ್ರಿಕೆ ವರದಿ ಇವೆಲ್ಲ ಆಕೆ ಏನು ಮಾಡಿದ್ಲು ಅಂತ ಹೇಳ್ತವೆ, ರಾತ್ರಿ ಮನೆಗೆ ಬಂದು ಬಾಗಿಲು ಹಾಕ್ಕೊಂಡ್ಮೇಲೆ ಏನು ಅನ್ಕೊಂಡ್ಲು ಅನ್ನೋದನ್ನ ಹೇಳಲ್ಲ. ನಾಲ್ಕು ಮದುವೆ, ಒಂದೂ ನೆಮ್ಮದಿ ಕೊಡಲಿಲ್ಲ, ಮೊದಲ ಗಂಡ ಬೇಗ ತೀರ್ಕೊಂಡ. ಐವತ್ತು ದಾಟಿದ ಮೇಲೆ ಬಸುರಿ ಅಂತ ನಂಬಿ, ಸ್ನೇಹಿತರಿಗೆಲ್ಲ ಹೇಳಿ, ಮಗುವಿನ ಸಾಮಾನು ತಂದಿಟ್ಟು, ಕೊನೆಗೆ ಅದು ಸುಳ್ಳು ಬಸುರು ಅಂತ ಡಾಕ್ಟರ್ ಹೇಳಿದಾಗ ಕುಸಿದುಹೋದ್ಲು. ಪತ್ರಿಕೆಗಳಿಗೆ ಅದು ಒಂದು ವಾರದ ಸುದ್ದಿ, ಕಾದಂಬರಿ ಮಾತ್ರ ಅಲ್ಲಿ ಆಕೆಯ ಜೊತೆ ಸ್ವಲ್ಪ ಹೊತ್ತು ಕೂರಬಲ್ಲದು. ಆಕೆಯ ಗೆಳತಿ, ಲೇಖಕಿ ರೂಬಿ ಬರ್ಕ್ಲಿ ಗುಡ್‌ವಿನ್, ಲೂಯಿಸ್ ಬೀವರ್ಸ್, ಡೊರೊತಿ ಡ್ಯಾಂಡ್ರಿಜ್ ಇವರೆಲ್ಲ ಟೇಟ್ ಅವರ ಕಾದಂಬರಿಯಲ್ಲಿ ಹ್ಯಾಟಿಯ ಆಪ್ತ ಬಳಗವಾಗಿ ಬರ್ತಾರೆ. ಗಂಡಸು ನಾಯಕರ ಸುತ್ತಲೇ ತಿರುಗೋ ಇತಿಹಾಸದಲ್ಲಿ ಈ ಗೆಳೆತನಗಳು ಅಡಿಟಿಪ್ಪಣಿ ಆಗಿಬಿಡೋವು.

ಆದ್ರೆ ಅಪಾಯ ಇದೆ, ಅದನ್ನೂ ಹೇಳ್ಲೇಬೇಕು. ಕಾದಂಬರಿಯಲ್ಲಿ ಬರೋ ಒಂದು ಚೆಂದದ ಮಾತು ನಾಳೆ ಫೋಟೋ ಮೇಲೆ ಅಚ್ಚಾಗಿ ಹ್ಯಾಟಿ ಹೇಳಿದ್ದು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಈಗಲೇ ಹಾಗಾಗಿದೆ, ವಾರಕ್ಕೆ 700 ಡಾಲರ್ ತಗೊಂಡು ಆಯಾ ಪಾತ್ರ ಮಾಡ್ತೀನಿ, 7 ಡಾಲರ್‌ಗೆ ನಿಜವಾದ ಆಯಾ ಆಗೋದಕ್ಕಿಂತ ಅದೇ ವಾಸಿ ಅನ್ನೋ ಪ್ರಸಿದ್ಧ ಮಾತು ಒಂದೊಂದು ಕಡೆ ಒಂದೊಂದು ಲೆಕ್ಕದಲ್ಲಿ ಸಿಗುತ್ತೆ. ರಾಜರ ಮೇಲೆ, ವಚನಕಾರರ ಮೇಲೆ ಬಂದ ಕಾದಂಬರಿ ಓದಿ ಅದನ್ನೇ ಇತಿಹಾಸ ಅಂತ ವಾದಕ್ಕೆ ನಿಲ್ಲೋ ಅಭ್ಯಾಸ ನಮ್ಮ ಕನ್ನಡ ಓದುಗರಿಗೂ ಇದೆ, ಹಾಗಾಗಿ ಹೇಳ್ತಿದ್ದೀನಿ. ಮನೆ, ಕೇಸು, ತೀರ್ಪು, ಕರಾರು ಇವನ್ನ ದಾಖಲೆ ಜೊತೆ ಹೋಲಿಸಿ ನೋಡಿ, ಮಾತುಕತೆಯನ್ನ ಲೇಖಕಿಯ ಕಲ್ಪನೆ ಅಂತ ಓದಿ, ಎರಡಕ್ಕೂ ಅದರದ್ದೇ ಬೆಲೆ ಇದೆ.

ಹ್ಯಾಟಿ ಸತ್ತಿದ್ದು 1952ರ ಅಕ್ಟೋಬರ್ 26, ಸ್ತನ ಕ್ಯಾನ್ಸರ್. ಹಾಲಿವುಡ್ ಸ್ಮಶಾನದಲ್ಲಿ ಮಣ್ಣು ಮಾಡಿ ಅಂತ ಬರೆದಿಟ್ಟಿದ್ಲು, ಕಪ್ಪು ಜನರನ್ನ ಅಲ್ಲಿ ಹೂಳಲ್ಲ ಅಂದ್ರು, ರೋಸ್‌ಡೇಲ್ ಸ್ಮಶಾನಕ್ಕೆ ಒಯ್ಯಬೇಕಾಯ್ತು. 1999ರಲ್ಲಿ ಹಾಲಿವುಡ್ ಸ್ಮಶಾನದ ಹೊಸ ಮಾಲೀಕರು ಈಗ ಇಲ್ಲಿಗೆ ತರ್ತೀವಿ ಅಂದಾಗ ಮನೆಯವ್ರು ಬೇಡ ಅಂದ್ರು, ಬರೀ ಒಂದು ಸ್ಮಾರಕ ಕಲ್ಲು ಇಟ್ರು. ಆಸ್ಕರ್ ಫಲಕವನ್ನ ಆಕೆ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಅಂತ ಉಯಿಲು ಮಾಡಿದ್ಲು, ಅಲ್ಲಿಂದ ಅದು ಕಳೆದೇ ಹೋಯ್ತು, 2023ರ ಅಕ್ಟೋಬರ್‌ನಲ್ಲಿ ಆಸ್ಕರ್ ಕೊಡೋ ಅಕಾಡೆಮಿಯವ್ರು ಬದಲಿ ಫಲಕ ಕೊಟ್ರು. ಈ ಘಟನೆಗಳ ಬಗ್ಗೆ ಬರೆದಿರೋ ಲೇಖನಗಳು ಬೇಕಾದಷ್ಟಿವೆ, ಎಲ್ಲರಿಗೂ ಇಷ್ಟವಾಗೋ ಕಥೆ, ತಪ್ಪು ಮಾಡಿದ್ವಿ, ಸರಿ ಮಾಡಿದ್ವಿ ಅನ್ನೋ ಕಥೆ.

ಶುಗರ್ ಹಿಲ್‌ಗೆ ಏನಾಯ್ತು ಅನ್ನೋ ಕಥೆ ಅಷ್ಟು ಸಲೀಸಾಗಿಲ್ಲ. ಕೋರ್ಟಲ್ಲಿ ಗೆದ್ದ ಬಡಾವಣೆಯನ್ನ 1960ರ ದಶಕದಲ್ಲಿ ಸಾಂಟಾ ಮೊನಿಕಾ ಫ್ರೀವೇ ಸೀಳ್ಕೊಂಡು ಹೋಯ್ತು, ಕಪ್ಪು ಕುಟುಂಬಗಳು ಅಷ್ಟು ಕಷ್ಟಪಟ್ಟು ಉಳಿಸ್ಕೊಂಡ ಎಷ್ಟೋ ಮನೆಗಳು ಹೆದ್ದಾರಿ ಕೆಳಗೆ ಹೋದ್ವು. ಷರತ್ತಿನ ಅಕ್ಷರಗಳು ಮಾತ್ರ ಹಳೇ ಕ್ರಯಪತ್ರಗಳಲ್ಲಿ ಹಾಗೇ ಉಳ್ಕೊಂಡ್ವು, ಕಾನೂನಿನ ಬಲ ಇಲ್ದಿದ್ರೂ ಮನೆ ಕೊಳ್ಳೋರ ಕೈಗೆ ಇವತ್ತಿಗೂ ಆ ಸಾಲು ಇರೋ ಕಾಗದ ಬರುತ್ತೆ. 2021ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿ, ಪ್ರತಿ ಕೌಂಟಿಯ ದಾಖಲಾತಿ ಕಚೇರಿ ತನ್ನ ಹಳೇ ಕಡತಗಳನ್ನೆಲ್ಲ ಹುಡುಕಿ ಇಂಥ ಸಾಲುಗಳನ್ನ ಅಳಿಸಬೇಕು, ಮೂಲ ಪ್ರತಿಯನ್ನ ಇತಿಹಾಸಕ್ಕಾಗಿ ಬೇರೆ ಇಟ್ಟಿರಬೇಕು ಅಂತ ಹೇಳಿದೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಅಂಥ ಕಾಗದಗಳು ರಾಶಿ ರಾಶಿ. ಹ್ಯಾಟಿಯ ಕಾದಂಬರಿಯನ್ನ ಮುಂದೆ ಯಾರಾದ್ರೂ ಸಿನಿಮಾ ಮಾಡೋಕೆ ಹೊರಟ್ರೆ, ಕೋಕೊನಟ್ ಗ್ರೋವ್ ಸೆಟ್ ಹಾಕೋಕೆ ಎಷ್ಟು ಖರ್ಚು ಮಾಡ್ತಾರೋ ಅಷ್ಟೇ ಕಾಳಜಿಯಿಂದ ಜಡ್ಜ್ ಕ್ಲಾರ್ಕ್ ಅವರ ಕೋರ್ಟ್ ಹಾಲ್ ಕಟ್ಟಲಿ, ಹ್ಯಾಟಿ ಬೆಂಬಲಿಗರನ್ನ ಕರ್ಕೊಂಡು ಒಳಗೆ ಬರೋದನ್ನ ಪೂರ್ತಿ ತೋರಿಸಲಿ.